ಉಡಿಯಲ್ಲಿ ಬಂದ ಗರಗಸ

ನಮ್ಮ ಮನೆಗೆ ಬಂದವರು ಕೂತ ಸ್ವಲ್ಪ ಹೊತ್ತಿಗೆ ಮೂಗು ಅತ್ತಿತ್ತ ಆಡಿಸುತ್ತಾರೆ. ಊದಿನಕಡ್ಡಿಯ ಹೊಗೆ ಸರಿ, ಒಳಗಿನ ಒಗ್ಗರಣೆಯ ಘಾಟೂ ಸರಿ, ಇವೆರಡರ ನಡುವೆ ಈ ಪೆಟ್ರೋಲಿನ ವಾಸನೆ ಎಲ್ಲಿಂದ ಎಂದು ಅವರಿಗೆ ತಿಳಿಯುವುದಿಲ್ಲ. ಮರ್ಯಾದಸ್ಥರು ಸುಮ್ಮನಿರುತ್ತಾರೆ. ಸಲಿಗೆ ಇದ್ದವರು ಕೇಳಿಯೇ ಬಿಡುತ್ತಾರೆ. ಆಗ ನಾನು ಬಗ್ಗಿ ಮಂಚದ ಕೆಳಗೆ ತೋರಿಸುತ್ತೇನೆ. ಜೋಳದ ಡಬ್ಬಕ್ಕೂ ಹಳೆಯ ಕೌದಿಗಳ ಗಂಟಿಗೂ ನಡುವೆ, ಗೋಣಿಚೀಲ ಹೊದ್ದು, ಮೂತಿ ಉದ್ದ ಮಾಡಿಕೊಂಡು ಮಲಗಿದೆ ನಮ್ಮ ಮರ ಕೊಯ್ಯುವ ಮಿಷಿನ್ನು. ಪೆಟ್ರೋಲನ್ನು ಪೂರ್ತಿ ಬಸಿದೇ ಇಟ್ಟಿದ್ದೇವೆ. ವಾಸನೆಯನ್ನು ಬಸಿಯುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ನೀವೂ ಈಗ ನಗುತ್ತಿರಬಹುದು. ರಾಯಚೂರಿನ ನಡುಮಧ್ಯದಲ್ಲಿ, ಅಂಗಳದಲ್ಲಿ ಒಂದು ಕಣಗಿಲೆ, ಒಂದು ಕರಿಬೇವು ಬಿಟ್ಟರೆ ಕೊಯ್ಯಲು ಕಡ್ಡಿಯೂ ಇಲ್ಲದ ಮನೆಯಲ್ಲಿ ಇಂಥ ಮಿಷಿನ್ನು ಯಾಕೆ? ನೋಡಿದವರೆಲ್ಲ ಮೊದಲು ಇದನ್ನೇ ಕೇಳುತ್ತಾರೆ. ಎದುರುಮನೆ ಸುಶೀಲಮ್ಮ ಮಾತ್ರ ಹೀಗೆ ಕೇಳಲಿಲ್ಲ. ಆಕೆ ಕೇಳಿದ್ದೇ ಬೇರೆ.

ನಡೆದದ್ದು ಸೋಮವಾರದ ಭಜನೆಯಲ್ಲಿ. ಮಂಗಳಾರತಿ ಮುಗಿದು ಪ್ರಸಾದದ ಸಜ್ಜಕ ಕೈಗೆ ಬಂದಿತ್ತು. ಹೊಲದ ಕೆಲಸಕ್ಕೆ ಬೇಕಾದ ಆ ಮಿಷಿನ್ನನ್ನು ಅಂಗಡಿಯವರೆಲ್ಲ ಚೈನ್‌ಸಾ ಎನ್ನುತ್ತಿದ್ದರು. ನನ್ನ ಬಾಯಲ್ಲಿ ಆ ಬಾಲ ಉದುರಿ ಬರೀ ಚೈನು ಉಳಿದಿತ್ತು. ನಾನು ಯಾರನ್ನೂ ಉದ್ದೇಶಿಸದೆ ಅಂದೆ: "ಹಳೇ ಚೈನ್ ಒಂದು ತಗೋಬೇಕಾಗ್ಯದವ್ವಾ. ನಿಮ್ಮ ಕಡೆ ಯಾರರೆ ಮಾರೋರಿದ್ರ ಹೇಳ್ರಿ."

ಸುಶೀಲಮ್ಮನ ಕೈಯ ಸಜ್ಜಕ ಬಾಯಿಗೆ ಹೋಗುವುದು ಮರೆಯಿತು.

"ಹಳೇದು ಯಾಕವ್ವಾ? ಹೊಸದಽ ಮಾಡಿಸ್ಕೋ. ಎಷ್ಟು ತೊಲಿದು ನೋಡಾಕತ್ತೀ?"

"ತೊಲಿ ಲೆಕ್ಕ ಅಲ್ಲವ್ವಾ ಅದು. ಐದಾರು ಕಿಲೋ ಇರತದ."

ತಾಳ ಹಿಡಿದಾಕೆ ತಾಳ ಕೆಳಗಿಟ್ಟಳು. ಆಮೇಲೆ ಸುಶೀಲಮ್ಮ ನನ್ನ ಕೊರಳನ್ನು ದಿಟ್ಟಿಸಿ ನೋಡಿ, "ಶಿವಾ ಶಿವಾ, ಕೊಳ್ಳು ಉಳಿಬೇಕಲ್ಲ ನಿಂದು!" ಅಂದಳು. ನಾನು ವಿಷಯ ಬಿಡಿಸಿ ಹೇಳಿದಾಗ ಅವರು ನಕ್ಕ ನಗುವಿಗೆ ದೇವರ ದೀಪ ಅಲ್ಲಾಡಿತು. ಅಂದಿನಿಂದ ನಮ್ಮ ಓಣಿಯಲ್ಲಿ ನಾನು 'ಐದು ಕಿಲೋ ಚೈನಿನ ಗೌರಮ್ಮ'. ಇರಲಿ. ಹಿಂದೆ ನನಗೆ ಯಾವ ಹೆಸರೂ ಇರಲಿಲ್ಲ, ಈಗ ಒಂದಾದರೂ ಸಿಕ್ಕಿತಲ್ಲ.

ನಮ್ಮದು ಮಾನ್ವಿ ಕಡೆ ಬಾಗಲವಾಡ. ನನ್ನ ತವರು. ನಾನು ಒಬ್ಬಳೇ ಮಗಳು. ಅಪ್ಪ ಮೊದಲು ಹೋದ, ಆಮೇಲೆ ಅವ್ವ ಹೋದಳು. ನಮ್ಮ ಪದ್ಧತಿಯಂತೆ ಇಬ್ಬರನ್ನೂ ಹೊಲದಲ್ಲೇ ಮಣ್ಣು ಮಾಡಿದರು. ಹಳ್ಳದ ದಂಡೆಗೆ, ನೀರು ಏರದ ದಿಬ್ಬದ ಮೂಲೆಯಲ್ಲಿ. ಕಲ್ಲು ಕಟ್ಟಿದ ಸಣ್ಣ ಗದ್ದಿಗೆ ಇದೆ. ಹೊಲವನ್ನು ಈಗ ನನ್ನ ಚಿಕ್ಕಪ್ಪನ ಮಗ ಶರಣಪ್ಪ ನೋಡಿಕೊಳ್ಳುತ್ತಾನೆ. ಒಳ್ಳೆಯವನು. ಕಾಲುವೆ ನೀರಿಗೆ ಭತ್ತ ಬೆಳೆಯುತ್ತಾನೆ. ಆದರೆ ಆ ದಿಬ್ಬಕ್ಕೆ ನೀರೂ ಏರುವುದಿಲ್ಲ, ನೇಗಿಲೂ ಏರುವುದಿಲ್ಲ. ಏರಿದ್ದು ಬಳ್ಳಾರಿ ಜಾಲಿ ಒಂದೇ.

ಬಳ್ಳಾರಿ ಜಾಲಿಯ ಬಗ್ಗೆ ನಮ್ಮ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ಯಾರೂ ಕರೆಯದೆ ಬರುತ್ತದೆ, ಯಾರು ಹೋಗೆಂದರೂ ಹೋಗುವುದಿಲ್ಲ. ನಾನು ಸಣ್ಣವಳಿದ್ದಾಗ ಅದು ನಮಗೆ ಶತ್ರು ಅಲ್ಲ, ನೆಂಟ. ಅದರ ಹಳದಿ ಕಾಯಿ ಕುರಿಗಳಿಗೆ, ಅದರ ಕಟ್ಟಿಗೆ ನಮ್ಮ ಒಲೆಗೆ. ಅವ್ವ ಕಟ್ಟಿಗೆ ತರಲು ಹೋದರೆ ನಾನು ಬರಿಗಾಲಲ್ಲಿ ಹಿಂದೆ ಓಡುತ್ತಿದ್ದೆ. ಮುಳ್ಳು ಚುಚ್ಚದ ದಿನವೇ ಇಲ್ಲ. ಅವ್ವ ಹೊರೆ ಇಳಿಸಿ, ಬದುವಿನ ಮೇಲೆ ಕೂತು, ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ತಾಳಿಯಲ್ಲಿ ಸಿಕ್ಕಿಸಿದ ಪಿನ್ನು ತೆಗೆದು, ಅದರ ತುದಿಯನ್ನು ಒಮ್ಮೆ ಸೆರಗಿಗೆ ಒರೆಸಿ, "ಶಿವಾ ಅನ್ನು" ಅನ್ನುತ್ತಿದ್ದಳು. ನಾನು 'ಶಿ' ಅನ್ನುವಷ್ಟರಲ್ಲಿ ಮುಳ್ಳು ಹೊರಗೆ. 'ವಾ' ಅನ್ನುವುದು ಅಳುವಿನಲ್ಲೋ ನಗುವಿನಲ್ಲೋ ಮುಗಿಯುತ್ತಿತ್ತು. ನನ್ನ ಭಕ್ತಿಯ ಮೊದಲ ಪಾಠ ಅಂಗಾಲಿನಿಂದ ಶುರುವಾದದ್ದು.

ಅವ್ವ ಹೋದ ಮೇಲೆ ಮೊದಲ ಎಳ್ಳಮಾಸೆಗೆ ನಾನು ಹೋಗಿದ್ದೆ. ಎಳ್ಳಮಾಸೆ ಎಂದರೆ ಹೊಲಕ್ಕೆ ಊಟ ಉಣಿಸುವ ಹಬ್ಬ. ಸಜ್ಜೆ ರೊಟ್ಟಿ, ಭರ್ತ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ, ಆಮೇಲೆ ನಾವು ಉಣ್ಣುವುದು. ಗದ್ದಿಗೆಗೆ ಎಡೆ ಇಟ್ಟು ಬಂದಿದ್ದೆ. ಮರುವರ್ಷ ಫೋನು ಮಾಡಿದಾಗ ಶರಣಪ್ಪ, "ಅಕ್ಕಾ, ಜಾಲಿ ಕಟ್ಟ್ಯಾವ. ಒಳಗ ಹೋಗಾಕ ದಾರಿ ಇಲ್ಲ" ಅಂದ. ಆಮೇಲಿನ ವರ್ಷವೂ ಅದೇ. ನಾನು ಮನೆಯಲ್ಲೇ ಅವ್ವನ ಫೋಟೋ ಮುಂದೆ ಎಡೆ ಹಿಡಿದೆ. ಫೋಟೋ ಉಣ್ಣುವುದಿಲ್ಲ ನೋಡ್ರಿ. ಹೊಲವಾದರೆ ಒಂದು ಇರುವೆಯಾದರೂ ಬಂದು ಮುಟ್ಟುತ್ತದೆ.

ಅಣ್ಣತಮ್ಮಂದಿರಿಲ್ಲದ ಹೆಣ್ಣಿಗೆ ತವರಿಗೆ ಹೋಗಲು ಒಂದು ನೆಪ ಬೇಕು. ಸುಮ್ಮನೆ ಹೋದರೆ ಯಾರೂ ಬೇಡ ಅನ್ನುವುದಿಲ್ಲ, ಚಹಾ ಕೊಡುತ್ತಾರೆ, ಕುರ್ಚಿ ಹಾಕುತ್ತಾರೆ. ಆ ಕುರ್ಚಿಯೇ ತೊಂದರೆ. ಹುಟ್ಟಿದ ಮನೆಯಲ್ಲಿ ನೆಲದ ಮೇಲೆ ಕೂತವಳಿಗೆ ಕುರ್ಚಿ ಹಾಕಿದರೆ ತಾನೂ ನೆಂಟರ ಪೈಕಿ ಆದೆನೆಂದು ಎದೆಗೆ ಚುಚ್ಚುತ್ತದೆ. ನನ್ನ ನೆಪ ಆ ಗದ್ದಿಗೆ ಒಂದೇ ಆಗಿತ್ತು. ಅದರ ದಾರಿ ಮುಚ್ಚಿತು.

ಜೇಸಿಬಿ ತರಿಸೋಣ ಅಂದರೆ ಅದು ಜಾಲಿಯ ಜೊತೆ ಗದ್ದಿಗೆಯನ್ನೂ ಎತ್ತಿ ಹಳ್ಳಕ್ಕೆ ಹಾಕುತ್ತದೆ. ಕೊಡಲಿ ಹಿಡಿದು ಬರುವವರು ಆ ಮುಳ್ಳು ನೋಡಿಯೇ ತಿರುಗಿ ಹೋದರು. ಮಿಷಿನ್ನು ಇದ್ದವರು ದೊಡ್ಡ ಕಾಲುವೆಯ ದಂಡೆ ಕೊಯ್ಯುವ ಗುತ್ತಿಗೆ ಹಿಡಿದಿದ್ದರು, ನಮ್ಮ ಮೂಲೆಗೆ ಬರಲು ಪುರಸೊತ್ತಿಲ್ಲ. ಒಂದು ದಿನ ನಮ್ಮ ಮನೆಯವರು ತಾವಾಗಿಯೇ ಅಂದರು: "ಹಳೇ ಮಿಷಿನ್ ಒಂದು ತಗೊಳ್ಳೋಣು. ಕೆಲಸ ಮುಗಸೋಣು. ಮಾರಿಬಿಡೋಣು."

ಅಕ್ಕಿ ಗಿರಣಿಯ ತೂಕದ ಕಟ್ಟೆಯಲ್ಲಿ ಜೀವಮಾನ ಕೂತ ಮನುಷ್ಯ. ಕೈಯಲ್ಲಿ ಪೆನ್ನಿಗಿಂತ ಭಾರದ್ದು ಹಿಡಿದವರಲ್ಲ. ಆ ಮಾತು ಅವರ ಬಾಯಲ್ಲಿ ಬಂದದ್ದೇ ನನಗೆ ಒಂದು ಪ್ರಸಾದ.

ಮೊದಲು ಹೋದದ್ದು ಇಲ್ಲೇ ರಾಯಚೂರಿನ ಒಂದು ಹಳೇ ಸಾಮಾನಿನ ಅಂಗಡಿಗೆ. ಪಂಪು, ಮೋಟರು, ಕೂಲರುಗಳ ಗುಡ್ಡದ ನಡುವೆ, ಒಂದು ಸ್ಟೂಲಿನ ಮೇಲೆ ಮಿಷಿನ್ನನ್ನು ಕೂರಿಸಿದ್ದರು. ಮೈಮೇಲೆ ವಿಭೂತಿಯ ಮೂರು ಪಟ್ಟೆ, ಹಿಡಿಕೆಗೆ ಚೆಂಡುಹೂವು. ನೋಡಿದ ಕೂಡಲೇ ನನ್ನ ಮನಸ್ಸು ಕರಗಿತು. ಇಷ್ಟು ಭಕ್ತಿಯಿಂದ ಇಟ್ಟ ಸಾಮಾನು ಮೋಸ ಮಾಡುವುದುಂಟೇ? ಅಂಗಡಿಯವನು ಹಗ್ಗ ಒಂದೇ ಸಲ ಎಳೆದ, ಮಿಷಿನ್ನು ಗುರ್ರೆಂದು ಎದ್ದು ಕೂತಿತು. ನಮ್ಮ ಮನೆಯವರು ನನ್ನ ಕಡೆ ನೋಡಿ ತಲೆಯಾಡಿಸಿದರು. ಅವನು ನಿಲ್ಲಿಸಿದ ಮೇಲೆ, ಹೊಸದಾಗಿ ಮನೆಗೆ ಬರುವ ಯಾವ ಸಾಮಾನಿಗೂ ಮಾಡುವ ಹಾಗೆ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋಣ ಎಂದು ಕೈ ಚಾಚಿದೆ. ಬೆರಳು ಚುರ್ರೆಂದಿತು.

"ಯಾಕ್ರೀ ಇದು ಹೆಂಚಿನಂಗ ಸುಡಾಕತ್ತದ? ಈಗ ಒಂದು ಗಳಿಗಿ ಚಾಲೂ ಮಾಡೀರಿ, ಅಷ್ಟೇ."

"ಬಿಸಿಲಿಗೆ ಇಟ್ಟಿದ್ವಿ ಯವ್ವಾ."

"ನೆರಳಾಗ ಅದಲ್ರೀ."

"ರಾಯಚೂರಾಗ ನೆರಳೂ ಬಿಸಿಲೇ ಅಲ್ಲೇನವ್ವಾ!"

ನಮ್ಮ ಮನೆಯವರು ನಕ್ಕು ಅರ್ಧ ಒಪ್ಪಿಯೇ ಬಿಟ್ಟಿದ್ದರು. ನಾನು ರೊಟ್ಟಿ ಬಡಿದ ಹೆಂಗಸು. ಒಲೆ ಈಗ ಹಚ್ಚಿದ್ದೋ ಬೆಳಗಿನಿಂದ ಉರಿದದ್ದೋ ಎಂದು ಹೆಂಚು ಮುಟ್ಟಿದರೆ ನನಗೆ ಗೊತ್ತಾಗುತ್ತದೆ. ಬರುತ್ತೇವೆಂದು ಫೋನು ಮಾಡಿಯೇ ಬಂದಿದ್ದೆವಲ್ಲ, ಅವನು ಅದನ್ನು ಮೊದಲೇ ಓಡಿಸಿ ಬಿಸಿ ಮಾಡಿ ಇಟ್ಟಿದ್ದ. "ಹಂಗಾದ್ರ ಆರಲಿ ಬಿಡ್ರಿ, ಕೂಡತೀವಿ. ಆರಿದ ಮ್ಯಾಲೆ ಮತ್ತ ಚಾಲೂ ಮಾಡಿ ತೋರಸ್ರಿ" ಅಂದೆ. ಅಲ್ಲೇ ಒಂದು ಕೂಲರಿನ ಮೇಲೆ ಕೂತು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸತೊಡಗಿದೆ. ಅವನು ಚಹಾ ತರಿಸಿದ. ಚಹಾ ಆರಿತು, ಮಿಷಿನ್ನೂ ಆರಿತು. ಆಮೇಲೆ ಅವನು ಎಳೆದ, ಅವನ ತಮ್ಮ ಎಳೆದ, ಪಕ್ಕದ ಅಂಗಡಿಯವನು ಬಂದು ಎಳೆದ. ಅದು ದಮ್ಮು ಹಿಡಿದ ಮುದುಕನ ಹಾಗೆ ಕೆಮ್ಮಿತೇ ಹೊರತು ಏಳಲಿಲ್ಲ.

"ಇವತ್ತ್ಯಾಕೋ ಅದರ ಮನಸ್ಸು ಸರಿ ಇಲ್ರೀ" ಅಂದ.

ಹೊರಗೆ ಬಂದ ಮೇಲೆ ನಮ್ಮ ಮನೆಯವರು ನನ್ನ ಬೆರಳು ಹಿಡಿದು ಊದಿದರು. ನಡುಬೀದಿಯಲ್ಲಿ! ಆ ಅಂಗಡಿಯವನ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಸುದ್ದಿ ತಿಳಿದ ಶರಣಪ್ಪ, ಮಾನ್ವಿಯಲ್ಲಿ ಖಾಜಾಸಾಬ್ ಎಂಬ ಮಿಸ್ತ್ರಿ ಇದ್ದಾನೆ, ಅವನನ್ನು ಕೇಳಿ ಅಂದ. ಹೋದೆವು. ಖಾಜಾಸಾಬ್ ಎಲೆ ಅಡಿಕೆ ಒಂದು ಗಲ್ಲಕ್ಕೆ ಒತ್ತಿಕೊಂಡು, ನಮ್ಮ ಬಿಸಿ ಮಿಷಿನ್ನಿನ ಕತೆ ಕೇಳಿ ಮನಸಾರೆ ನಕ್ಕ. "ಬಿಸಿ ಇದ್ದಾಗ ಎಲ್ಲಾವೂ ಹುಡುಗೋರೇ ಅವ್ವಾ. ತಣ್ಣಗಿದ್ದಾಗ ನೋಡ್ರಿ ವಯಸ್ಸು!" ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದ. ಚೈನು ಓಡುವ ಉದ್ದ ಪಟ್ಟಿ ಇರುತ್ತದಲ್ಲ, ಅದರ ಅಂಚಿನ ಗೀರು ಎರಡು ಕಡೆಯೂ ಸಮ ಸವೆದಿರಬೇಕು. ಪಟ್ಟಿಗೆ ಎಣ್ಣೆ ಬರುತ್ತದೋ ಇಲ್ಲವೋ ಕಾಗದದ ಮುಂದೆ ಓಡಿಸಿ ನೋಡಬೇಕು, ಎಣ್ಣೆಯ ಗೆರೆ ಬೀಳಬೇಕು. ಎಲ್ಲಕ್ಕಿಂತ ಮುಖ್ಯ, ಕೊಯ್ಯುವಾಗ ಏನು ಉದುರುತ್ತದೆ ಎಂದು ನೋಡಬೇಕು.

"ಹಿಟ್ಟು ಉದುರಿದ್ರ ಚೈನ್ ಸತ್ತದ. ಅವಲಕ್ಕಿ ಉದುರಿದ್ರ ಜೀವ ಅದ. ಬಿಲ್ಕುಲ್ ಇಷ್ಟೇ."

ಹಿಟ್ಟು, ಅವಲಕ್ಕಿ. ಇಷ್ಟು ಸರಳವಾಗಿ ಹೇಳಿದ್ದರೆ ಶಾಲೆಯಲ್ಲಿ ನಾನು ಗಣಿತದಲ್ಲಿ ನಪಾಸಾಗುತ್ತಿರಲಿಲ್ಲ. ದೇವದುರ್ಗದಲ್ಲಿ ಈರಣ್ಣ ಎಂಬ ಕಟ್ಟಿಗೆಯವನ ಮಿಷಿನ್ನು ಇದೆ, ಭುಜ ಹಿಡಿದು ಕೆಲಸ ಬಿಟ್ಟಿದ್ದಾನೆ, ಮಾರುವ ಮನಸ್ಸಿದೆ ಎಂದು ಹೇಳಿದವನೂ ಅವನೇ.

ಈ ಸಲ ಫೋನು ಮಾಡದೆ ಹೋದೆವು. ದೇವದುರ್ಗ ಬಸ್‌ ನಿಲ್ದಾಣದಿಂದ ಸ್ವಲ್ಪ ಒಳಗೆ, ಬೇವಿನ ನೆರಳಿನ ಮನೆ. ಈರಣ್ಣ ಒಳಗಿನಿಂದ ಮಿಷಿನ್ನನ್ನು ಎದೆಗೆ ಅವಚಿಕೊಂಡು ತಂದ, ಮಲಗಿದ ಮಗುವನ್ನು ತರುವ ಹಾಗೆ. ಹೂವಿಲ್ಲ, ಹೊಸ ವಿಭೂತಿಯಿಲ್ಲ. ಆದರೆ ಸಂದುಸಂದುಗಳಲ್ಲಿ, ಕಪ್ಪು ಎಣ್ಣೆಯ ಕೆಳಗೆ, ಹಳೆಯ ಆಯುಧ ಪೂಜೆಗಳ ವಿಭೂತಿ ಪದರಪದರವಾಗಿ ಕೂತಿತ್ತು. ನಾನು ಮುಟ್ಟಿದೆ. ಮಣ್ಣಿನ ಗಡಿಗೆಯ ಹಾಗೆ ತಣ್ಣಗಿತ್ತು. ಕಣ್ಣಿಗೆ ಒತ್ತಿಕೊಂಡೆ.

ಮೊದಲ ಎಳೆತಕ್ಕೆ ಏಳಲಿಲ್ಲ. "ತಡೀರಿ, ಎಬ್ಬಸಬೇಕಾಗತದ" ಎಂದು ಒಂದು ಗುಂಡಿ ಹೊರಗೆಳೆದು ಮತ್ತೆ ಜಗ್ಗಿದ, ಎದ್ದಿತು. ಒಂದು ಒಣ ದಿಮ್ಮಿಗೆ ಒತ್ತಿದ. ನನ್ನ ಸೀರೆಯ ನಿರಿಗೆಯ ಮೇಲೆ ಬಿಳಿ ಬಿಳಿ ಚಕ್ಕೆ ಉದುರಿದವು.

"ಅವಲಕ್ಕಿ!" ಎಂದು ನಾನು ಕೂಗಿಬಿಟ್ಟೆ. ಈರಣ್ಣನಿಗೆ ಗಾಬರಿ. "ಹಸಿವಾಗ್ಯದೇನ್ರೀ ಆಕಿಗೆ?" ಎಂದು ನಮ್ಮ ಮನೆಯವರನ್ನು ಕೇಳಿದ.

ಅವನು ತಾನಾಗಿಯೇ ಕೊರತೆಗಳನ್ನೂ ಹೇಳಿದ. ನಿಲ್ಲಿಸಿಟ್ಟರೆ ಸ್ವಲ್ಪ ಎಣ್ಣೆ ಸೋರುತ್ತದೆ, ಚೈನು ಆಗಾಗ ಸಡಿಲಾಗುತ್ತದೆ. ಮಾತು ಕುದುರಿತು. ಹೊರಡಲು ಎದ್ದಾಗ ಅವನ ಹೆಂಡತಿ ನಾಗಮ್ಮ ಬಾಗಿಲಿಗೆ ಬಂದಳು.

"ಯಾವ ಊರ ಮಗಳವ್ವಾ ನೀ?"

"ಬಾಗಲವಾಡದಾಕಿ."

"ತವರಾಗ ಯಾರದಾರ?"

"ಅವ್ವ ಹೊಲದಾಗ ಅದಾಳ" ಅಂದೆ.

ನಾಗಮ್ಮ ತಿಳಿದುಕೊಂಡಳು. ಮಿಷಿನ್ನಿನ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. "ನಿಂದ್ರವ್ವಾ ಸ್ವಲ್ಪ. ನಮ್ಮ ಮನಿ ಸಾಮಾನು ಹಿಡಕೊಂಡು ಹೊಂಟೀದಿ. ಬರೇ ಉಡಿಲೆ ಹ್ಯಾಂಗ ಕಳಸೂದು?" ಎಂದು ಒಳಗೆ ಹೋದಳು.

ಚಾಪೆ ಹಾಸಿದಳು. ಕುರ್ಚಿ ಅಲ್ಲ, ಚಾಪೆ. ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಎಲೆ ಅಡಿಕೆ, ಮೇಲೊಂದು ಹಸಿರು ಕುಬುಸದ ಕಣ ಇಟ್ಟು ಉಡಿ ತುಂಬಿದಳು. ತವರಿನಿಂದ ಹೊರಡುವ ಮಗಳಿಗೆ ಮಾಡುವುದು ಇದು. ಅವ್ವನ ಕೈ ಹೋದ ಮೇಲೆ ನನ್ನ ಉಡಿಗೆ ಆ ಭಾರ ಬಿದ್ದಿರಲಿಲ್ಲ. ಗುರುತು ಪರಿಚಯವಿಲ್ಲದ ಮನೆ, ಹಳೇ ಮಿಷಿನ್ನು ಕೊಳ್ಳಲು ಬಂದ ಹೆಂಗಸು ನಾನು. ಉಡಿಯ ಗಂಟನ್ನು ಕಟ್ಟಲು ನನಗೆ ಬಿಡಲಿಲ್ಲ. ನಾಗಮ್ಮನೇ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಮನೆಯವರು ಬೇವಿನ ಮರವನ್ನು ನೋಡುತ್ತ ನಿಂತಿದ್ದರು, ಅದನ್ನೇ ಕೊಯ್ಯುವವರ ಹಾಗೆ.

ಬಸ್ಸಿನಲ್ಲಿ ಮಿಷಿನ್ನು ಕಾಲ ಬಳಿ, ಉಡಿ ಮಡಿಲಲ್ಲಿ. ಗೋಣಿ ಸುತ್ತಿದ ಆ ಉದ್ದ ಆಕಾರ ನೋಡಿ ಪಕ್ಕದ ಮುದುಕ, "ವೀಣಿ ಏನ್ರೀ?" ಎಂದು ಕೇಳಿದ. ನಮ್ಮ ಮನೆಯವರು ಗಂಭೀರವಾಗಿ, "ಹೌದ್ರೀ. ಬಾರಿಸಿದ್ರ ಊರಿಗೂರೇ ಎದ್ದು ಕೂಡತದ" ಅಂದರು. ಮುದುಕ ನನ್ನ ಕಡೆ ಗೌರವದಿಂದ ನೋಡಿದ. ನಾನು ತಿದ್ದಲು ಹೋಗಲಿಲ್ಲ.

ಎಳ್ಳಮಾಸೆಯ ಹಿಂದಿನ ದಿನ ಬಾಗಲವಾಡಕ್ಕೆ ಹೋದೆವು. ನಮ್ಮ ಮನೆಯವರು ತಲೆಗೆ ಮೋಟರ್ ಸೈಕಲ್ಲಿನ ಹೆಲ್ಮೆಟ್ಟು, ಕಾಲಿಗೆ ಗಿರಣಿಯ ಕಾವಲುಗಾರನ ಬೂಟು, ಕೈಗೆ ಗೋಣಿಯ ಕವಚ ಹಾಕಿ ಯುದ್ಧಕ್ಕೆ ಹೊರಟವರ ಹಾಗಿದ್ದರು. ಶರಣಪ್ಪ ಕೊಂಬೆ ಎಳೆಯಲು ಕೊಕ್ಕೆ ಹಿಡಿದು ನಿಂತ. ನಾನು ಮೊದಲ ಜಾಲಿಗೆ ಅರಿಸಿನ ಕುಂಕುಮ ಹಚ್ಚಿ, "ತಪ್ಪು ತಿಳೀಬ್ಯಾಡವ್ವಾ, ದಾರಿ ಬೇಕಾಗ್ಯದ" ಎಂದು ಕೈಮುಗಿದೆ.

ಮಿಷಿನ್ನು ಎದ್ದಿತು, ಗರ್ಜಿಸಿತು. ಜಾಲಿಗೆ ಏನೂ ಆಗಲಿಲ್ಲ. ಒತ್ತಿದಷ್ಟೂ ಹೊಗೆ ಬಂತು. ಹಿಟ್ಟೂ ಇಲ್ಲ, ಅವಲಕ್ಕಿಯೂ ಇಲ್ಲ, ಬರೀ ಹೊಗೆ.

"ಮಾವಾ, ಕೊಯ್ಯಾಕತ್ತೀರೋ ಸುಡಾಕತ್ತೀರೋ?" ಎಂದು ಶರಣಪ್ಪ ಕೇಳಿದ.

ಅವನಿಗೇನು, ನಗಲು ಬಂತು. ನಾಳೆ ಅಮಾಸೆ. ಬುತ್ತಿಗೆ ಹಿಟ್ಟು ಬೀಸಿ ಇಟ್ಟಿದ್ದೇನೆ. ಈರಣ್ಣನೂ ಮೋಸ ಮಾಡಿದನೇ? ಆ ಉಡಿಯೂ ಸ್ಟೂಲಿನ ಮೇಲಿನ ವಿಭೂತಿಯ ಹಾಗೇ ಏನು? ಈ ಯೋಚನೆ ಮಿಷಿನ್ನು ಕೆಟ್ಟದ್ದಕ್ಕಿಂತ ಹೆಚ್ಚು ನೋಯಿಸಿತು. ಖಾಜಾಸಾಬನಿಗೆ ಫೋನು ಹಚ್ಚಿದೆವು.

"ಮಿಷಿನ್ ಬಿಚ್ಚಿದ್ರೇನು?"

ನಮ್ಮ ಮನೆಯವರು ಹೆಲ್ಮೆಟ್ಟಿನೊಳಗಿಂದಲೇ, "ಚೈನ್ ಬಿಚ್ಚಿ ಸೀಮೆಎಣ್ಣಿಲೆ ತೊಳದು ಹಾಕೀನ್ರೀ, ಸ್ವಚ್ಛ ಇರಲಿ ಅಂತ" ಅಂದರು.

"ಅರೆ ಸಾಹೇಬ್ರ, ಹಲ್ಲು ಯಾಕಡಿ ಮಾರಿ ಮಾಡ್ಯಾವ ನೋಡ್ರಿ."

ನೋಡಿದೆವು. ಹಲ್ಲುಗಳೆಲ್ಲ ನಮ್ಮ ಕಡೆ ಮುಖ ಮಾಡಿದ್ದವು. ತೊಳೆದು ಹಾಕುವಾಗ ಚೈನು ಉಲ್ಟಾ ಕೂತಿತ್ತು. ಇಡೀ ಮುಂಜಾನೆ ಅದು ಜಾಲಿಯನ್ನು ಬೆನ್ನಿನಿಂದ ಉಜ್ಜಿತ್ತು. ಮಿಷಿನ್ನು ನಿಲ್ಲಿಸಿ, ಆರಿದ ಮೇಲೆ, ಬಿಚ್ಚಿ ತಿರುಗಿಸಿ ಹಾಕಿದರು. ನಾನು ಮನಸ್ಸಿನಲ್ಲೇ ನಾಗಮ್ಮನಿಗೆ ಶರಣು ಅಂದೆ. ಮತ್ತೆ ಎಬ್ಬಿಸಿದಾಗ ಮೊದಲ ಕೊಂಬೆ ಬೆಣ್ಣೆಯಲ್ಲಿ ದಾರ ಎಳೆದ ಹಾಗೆ ಬಿತ್ತು.

ಆಗ ಒಂದು ವಾಸನೆ ಬಂತು. ಹಸಿ ಜಾಲಿ ಕೊಯ್ದಾಗ ಬರುವ ಸ್ವಲ್ಪ ಸಿಹಿ, ಸ್ವಲ್ಪ ಒಗರು ವಾಸನೆ. ಅವ್ವನ ಹೊರೆಯ ಹಿಂದೆ ಓಡುವಾಗ ನನ್ನ ಮೂಗಿನ ಮುಂದೆ ಸದಾ ಇದ್ದದ್ದು. ಅವಳ ಸೀರೆ, ಅವಳ ಕೈ, ಅವಳು ಮಾಡಿದ ರೊಟ್ಟಿ, ಎಲ್ಲಕ್ಕೂ ಇದೇ ವಾಸನೆ ಇತ್ತೆಂದು ಅಲ್ಲಿಯವರೆಗೆ ನನಗೆ ನೆನಪೇ ಇರಲಿಲ್ಲ. ಮಿಷಿನ್ನಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ. ಅದೂ ಒಂದು ಅನುಕೂಲ.

ಹೊತ್ತು ಇಳಿಯುವಷ್ಟರಲ್ಲಿ ಒಬ್ಬರು ನಡೆಯುವಷ್ಟು ದಾರಿ ಆಯಿತು. ಗದ್ದಿಗೆಯ ಕಲ್ಲು ಒಂದೂ ಅಲುಗಿರಲಿಲ್ಲ. ಅದರ ಮೇಲೆ, ನಾನು ಹಿಂದೆ ಎಡೆಯ ಜೊತೆ ಇಟ್ಟು ಮರೆತುಬಂದ ಸ್ಟೀಲಿನ ಲೋಟ. ಬಾಯಿತುಂಬ ಇರುವೆ ತಂದ ಮಣ್ಣು. ಯಾರೂ ಒಳಗೆ ಬರದ ಹಾಗೆ ಜಾಲಿ ಕಾದಿತ್ತು ಅನಿಸಿತು. ಬೈದಿದ್ದೆನಲ್ಲ ಇಷ್ಟು ವರ್ಷ.

ನಮ್ಮ ಮನೆಯವರು ಬೂಟು ಕಳಚಿ ಕೈಮುಗಿಯಲು ಬಂದರು, ಎರಡನೆಯ ಹೆಜ್ಜೆಗೇ "ಹಾ!" ಎಂದು ಕೂತರು. ನಾನು ಅವರ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡೆ. ತಾಳಿಯಿಂದ ಪಿನ್ನು ತೆಗೆದು ಸೆರಗಿಗೆ ಒರೆಸಿದೆ.

"ಶಿವಾ ಅನ್ರಿ."

"ಶಿ..." ಅಂದರು. ಮುಳ್ಳು ಹೊರಗೆ ಬಂತು. ಗದ್ದಿಗೆಯ ಮುಂದೆಯೇ ಇದಾಯಿತು. ನೋಡಬೇಕಾದವಳು ನೋಡಿರುತ್ತಾಳೆ.

ಮರುದಿನ ಎಡೆ ಇಟ್ಟೆ, ಚರಗ ಚೆಲ್ಲಿದೆ. ಹೊರಡುವಾಗ ಶರಣಪ್ಪ ಡೀಸೆಲಿನ ಡಬ್ಬಿ ತಂದ. "ಬುಡಕ್ಕ ಇಷ್ಟಿಷ್ಟು ಹಾಕಿದ್ರ ಮತ್ತ ಚಿಗಿಯೂದಿಲ್ಲ ಅಕ್ಕಾ."

"ಬ್ಯಾಡ ಬಿಡೋ" ಅಂದೆ.

"ಮಳಿ ಬಿದ್ರ ಮತ್ತ ಮುಚ್ಚತಾವ!"

"ಮುಚ್ಚಲಿ."

ಅವನಿಗೆ ತಿಳಿಯಲಿಲ್ಲ. ನಮ್ಮ ಮನೆಯವರು ಡಬ್ಬಿಯನ್ನು ಅವನ ಕೈಯಿಂದ ಇಸಿದುಕೊಂಡು ಬದುವಿನ ಆಚೆ ಇಟ್ಟರು.

ಆದರೆ ಮಾರುವ ಮಾತು ಮೊದಲೇ ಆಗಿತ್ತಲ್ಲ. ಖಾಜಾಸಾಬ್ ಹೇಳಿಕಳಿಸಿದ ಗಿರಾಕಿ ಜಾಲಹಳ್ಳಿಯಿಂದ ಬಂದ, ಹನುಮಂತಪ್ಪ ಎಂದು ಹೆಸರು, ಹೊಲದ ಬದುವಿನ ಜಾಲಿ ತೆಗೆಯಬೇಕಾದವನು. ನಮ್ಮ ಮನೆಯವರು ಒಳಗೆ ಸ್ನಾನಕ್ಕೆ ಹೋಗಿದ್ದರು. ನಾನು ಮಂಚದ ಕೆಳಗಿನಿಂದ ಗಂಟು ಎಳೆದೆ. ಕೊಡಲು ಮನಸ್ಸಿಲ್ಲ, ಕೊಡುವುದಿಲ್ಲ ಅನ್ನಲು ಕಾರಣವಿಲ್ಲ. ಸುಳ್ಳು ಹೇಳುವುದು ನನಗಾಗದು. ಇದ್ದದ್ದನ್ನೆಲ್ಲ ಹೇಳಿದರೆ ತಾನೇ ಬಿಟ್ಟು ಹೋಗುತ್ತಾನೆ ಅಂದುಕೊಂಡೆ.

"ಎಣ್ಣಿ ಸೋರತದ ನೋಡ್ರಿ. ಹಾಸಿದ ಗೋಣಿಯೆಲ್ಲ ಹಾಳಾಗ್ಯದ."

"ಹಾಂ."

"ಚೈನ್ ತಾಸಿಗೊಮ್ಮೆ ಸಡಿಲಾಗತದ. ತಣ್ಣಗಿದ್ದಾಗ ಗುಂಡಿ ಎಳೀದೆ ಏಳೂದಿಲ್ಲ. ಒಂದು ದಿನ ಹಿಡಿದ್ರ ಮರುದಿನ ರೊಟ್ಟಿ ಮುರಿಯಾಕ ಕೈ ಬರೂದಿಲ್ಲ. ಮನಿ ತುಂಬ ವಾಸನಿ."

ಹನುಮಂತಪ್ಪ ಎದ್ದು ನಿಂತ. ಹೋದ ಎಂದುಕೊಂಡೆ. ಅವನು ಕೈಮುಗಿದ.

"ಯವ್ವಾ, ನಾ ಊರೂರು ತಿರುಗೀನಿ. ಎಲ್ಲಾರೂ ಬಂಗಾರದಂಥದು ಅಂದ್ರು. ಇಷ್ಟು ಖರೇ ಹೇಳಿದಾಕಿ ನೀ ಒಬ್ಬಾಕಿ. ಇದನ್ನ ಬಿಟ್ಟು ನಾ ಮತ್ತೊಂದು ನೋಡೂದಿಲ್ಲ. ಕೊಡವ್ವಾ."

ನೋಡ್ರಿ ನನ್ನ ಹಣೆಬರಹ. ಸತ್ಯ ಹೇಳಿ ಸಿಕ್ಕಿಬಿದ್ದೆ. ಅವನು ಬಗ್ಗಿ ಹಿಡಿಕೆಗೆ ಕೈ ಹಾಕಿದ. ನನ್ನ ಕೈ ತಾನಾಗಿ ಗೋಣಿಯ ತುದಿ ಹಿಡಿದುಕೊಂಡಿತ್ತು. ಅವನು ಆಚೆ, ನಾನು ಈಚೆ.

ಹಿಂದಿನಿಂದ ನಮ್ಮ ಮನೆಯವರ ಧ್ವನಿ ಬಂತು. ಹಣೆಯ ಮೇಲೆ ಹಸಿ ವಿಭೂತಿ, ಹೆಗಲ ಮೇಲೆ ಟವೆಲು.

"ತಪ್ಪು ತಿಳೀಬ್ಯಾಡ್ರಿ ಹನಮಂತಪ್ಪ. ಅದು ಮಾರೂದಲ್ಲ."

"ಮಾರತೀರಿ ಅಂತ ಖಾಜಾಸಾಬ್ ಹೇಳಿದ್ರಲ್ರೀ!"

"ಅವಾಗ ನಾ ವಿಚಾರ ಮಾಡಿರಲಿಲ್ಲ. ಉಡಿ ತುಂಬಿಸ್ಕೊಂಡು ತಂದದ್ದದು. ಈಕಿ ತವರಮನಿ ಸಾಮಾನು. ನಾ ಹ್ಯಾಂಗ ಮಾರಲಿ?"

ಹನುಮಂತಪ್ಪ ಕೈ ತೆಗೆದ. ನಮ್ಮ ಸೀಮೆಯ ಮನುಷ್ಯ, ಎರಡನೆಯ ಸಲ ಹೇಳಬೇಕಾಗಲಿಲ್ಲ. "ಹಂಗಾದ್ರ ಮುಟ್ಟಬಾರದು ಬಿಡ್ರಿ" ಅಂದ. ಚಹಾ ಕುಡಿದು, ತಮ್ಮೂರ ಬದುವಿಗೆ ಒಂದು ದಿನ ಬಾಡಿಗೆಗಾದರೂ ಕೊಡಿ ಎಂದು ಕೇಳಿ ಹೋದ. ಗಂಟನ್ನು ಮತ್ತೆ ಮಂಚದ ಕೆಳಗೆ ತಳ್ಳುವಾಗ ನಮ್ಮ ಮನೆಯವರು, "ಹಂಗಾದ್ರ ಬರೋ ವರ್ಷಾನೂ ನನಗೇ ಹೊಗಿ ಕುಡಸಾಕಿ ಅನ್ನು" ಅಂದರು. ನಾನು ಒಳಗೆ ಹೋಗಿ ಅವರಿಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿದೆ.

ನಿನ್ನೆ ಶರಣಪ್ಪನ ಫೋನು ಬಂದಿತ್ತು. ಈ ಸಲ ಮಳೆ ಚೆನ್ನಾಗಿ ಆಗಿದೆಯಂತೆ.

"ಅಕ್ಕಾ, ಡೀಸೆಲ್ ಹಾಕಂದ್ರ ಕೇಳಲಿಲ್ಲ ನೀ. ಜಾಲಿ ಮತ್ತ ಚಿಗ್ಯಾವ."

"ಎಷ್ಟುದ್ದ ಆಗ್ಯಾವೋ?"

"ಮೊಣಕಾಲಿಗೆ ಬಂದಾವ. ಅಮಾಸಿ ಅನ್ನೂದ್ರಾಗ ತಲಿ ಮ್ಯಾಲೆ ಹೋಗತಾವ. ದಾರಿ ಇರೂದಿಲ್ಲ ನೋಡು."

"ಆಗಲಿ ಬಿಡು" ಅಂದೆ. "ಬರತೀನಿ."

ಫೋನು ಇಟ್ಟು, ನೆಲದ ಮೇಲೆ ಕೂತು, ಮಂಚದ ಕೆಳಗೆ ಕೈ ಚಾಚಿ ಮುಟ್ಟಿದೆ. ತಣ್ಣಗಿತ್ತು. ಬೆರಳನ್ನು ಕಣ್ಣಿಗೆ ಒತ್ತಿಕೊಂಡೆ.